ಪುಟ್ಟಿ ಕೆಳಗಿಡಿ, ಫೋಟೊಗೆ ನಿಲ್ಲಿ!

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಹೊರವಲಯದಲ್ಲಿ ಒಂದು ಬೇಸಿಗೆಯ ಬೆಳಗ್ಗೆ ನಾವು ಕಂಡ ದೃಶ್ಯವಿದು. ಉದ್ಯೋಗ ಖಾತರಿಯ ಬದು ಕೆಲಸ. ಬಿಸಿಲೇರುವ ಮುನ್ನ ತಮ್ಮ ಪಾಲಿನ ಮಣ್ಣು ಎತ್ತಿ ಮುಗಿಸೋಣವೆಂದು ಹೆಂಗಸರು ನಸುಕಿನಲ್ಲೇ ಬಂದು ಗುದ್ದಲಿ ಹಿಡಿದಿದ್ದರು. ಕೆಲಸಕ್ಕೆ ಒಂದು ಓಟ ಸಿಕ್ಕಿತ್ತು. ಅಷ್ಟರಲ್ಲಿ ಕಾಯಕ ಬಂಧು ಮೊಬೈಲ್ ಎತ್ತಿ ಹಿಡಿದು ಕೂಗಿದಳು: "ಎಲ್ಲಾ ಪುಟ್ಟಿ ಕೆಳಗಿಡ್ರಿ, ಫೋಟೊಗೆ ನಿಲ್ರಿ! ದೊಡ್ಡವ್ವ, ಸೆರಗು ಸ್ವಲ್ಪ ಹಿಂದಕ್ಕೆ ಹಾಕ್ಕೊ, ಮುಖ ಕಾಣ್‌ಬೇಕು."

ಸಾಲು ನಿಂತಿತು. ತಲೆಗೆ ಸುತ್ತಿದ್ದ ಟವೆಲ್, ಮುಖಕ್ಕೆ ಎಳೆದುಕೊಂಡಿದ್ದ ಸೆರಗು, ದುಪಟ್ಟಾ ಎಲ್ಲವೂ ಸರಿದವು. ಅರವತ್ತು ದಾಟಿದ ಆ ದೊಡ್ಡವ್ವ ಕೇಳಿದರು: "ಇನ್ನೆಷ್ಟು ಸಲ ನೋಡ್ತೀಯವ್ವಾ ಈ ಮುಖಾನ? ನಿನ್ನೆ ನೋಡ್ಲಿಲ್ವಾ?"

"ನಾನಲ್ಲ ದೊಡ್ಡವ್ವ, ಡೆಲ್ಲಿಯೋರು ನೋಡ್ತಾರೆ."

ಎಲ್ಲರೂ ನಕ್ಕರು. ಆದರೆ ಫೋಟೊ ಏರಲಿಲ್ಲ. ಆ ಹುಡುಗಿ ಸಿಗ್ನಲ್ ಹುಡುಕುತ್ತಾ ದಿಬ್ಬ ಹತ್ತಿದಳು. ಅವಳದೇ ಫೋನು, ಅವಳದೇ ಡೇಟಾ. ಹೆಂಗಸರು ಮತ್ತೆ ಮಣ್ಣಿಗೆ ಕೈ ಹಾಕಿದರು. ಹನ್ನೊಂದರ ಹೊತ್ತಿಗೆ ಹಲವರ ಅಳತೆ ಮುಗಿದಿತ್ತು. ಆದರೂ ಮನೆಗೆ ಹೋಗುವಂತಿಲ್ಲ. ಎರಡನೆಯ ಫೋಟೊ ಬಾಕಿ ಇತ್ತು. ಎಮ್ಮೆ ಕಟ್ಟಿ ಬಂದವರು, ಮಗು ಬಿಟ್ಟು ಬಂದವರು ಜಾಲಿ ಮರದ ತೂತು ನೆರಳಿನಲ್ಲಿ ಕುಳಿತು ಮತ್ತೊಮ್ಮೆ ಮುಖ ತೋರಿಸುವ ಗಳಿಗೆಗಾಗಿ ಕಾದರು. ಇದಕ್ಕೆ 'ಪಾರದರ್ಶಕತೆ' ಎಂದು ಹೆಸರು.

ಆ ದೊಡ್ಡವ್ವನ ಮಗನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಆತ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು. ಕೊರೋನಾ ಕಾಲದಲ್ಲಿ ಊರಿಗೆ ಬಂದು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ತಿಂಗಳುಗಟ್ಟಲೆ ದುಡಿದ. ಅವನ ಯಂತ್ರದೊಳಗೆ ಕಂಪೆನಿಯವರು ಒಂದು ತಂತ್ರಾಂಶ ಕೂರಿಸಿದ್ದರು. ಆಗಾಗ ಅದು ಪರದೆಯ ಚಿತ್ರ ತೆಗೆದು ಕಳಿಸುತ್ತಿತ್ತು. ಕೆಲ ನಿಮಿಷ ಮೌಸ್ ಅಲುಗದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತಿತ್ತು. ಹಸುವಿಗೆ ನೀರಿಡಲು ಎದ್ದರೆ ಹಳದಿ, ಬಾಗಿಲಿಗೆ ಬಂದ ನೆಂಟರಿಗೆ ಕುಶಲ ಕೇಳಿದರೆ ಹಳದಿ. ಒಂದು ಕಠಿಣ ಲೆಕ್ಕವನ್ನು ತಲೆಯಲ್ಲೇ ಬಿಡಿಸುತ್ತಾ ಸೂರು ನೋಡಿ ಕುಳಿತರೂ ಹಳದಿ! ಹಾಗಾಗಿ ಆತ ಯೋಚಿಸುವಾಗಲೂ ಬೆರಳಿನಿಂದ ಮೌಸ್ ಅಲುಗಿಸುತ್ತಿದ್ದ. "ಅದ್ಯಾಕಪ್ಪ ಅದನ್ನ ಸುಮ್ನೆ ಆಡಿಸ್ತಾ ಕೂತಿದ್ದೀಯ?" ಎಂದು ತಾಯಿ ಕೇಳಿದರಂತೆ. "ಆಡಿಸ್ದೇ ಇದ್ರೆ ಕೆಲ್ಸ ಬಿಟ್ಟು ಎದ್ದು ಹೋಗಿದೀನಿ ಅಂತ ತಿಳ್ಕೊತಾರಮ್ಮ" ಎಂದನಂತೆ ಮಗ.

ಒಂದೇ ಸೂರಿನ ಕೆಳಗೆ ಇಬ್ಬರು ದುಡಿಮೆಗಾರರು. 2025–26ರ ಸಾಲಿನಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಮಗನ ಸಂಬಳ ಅದರ ಎಷ್ಟು ಪಟ್ಟೋ. ಓದು ಬೇರೆ, ಉಡುಪು ಬೇರೆ, ಮಾತು ಬೇರೆ. ಆದರೆ ಇಬ್ಬರ ಮೇಲೂ ನೆಟ್ಟಿರುವ ಕಣ್ಣು ಒಂದೇ, ಆ ಕಣ್ಣಿನೊಳಗಿನ ಭಾವನೆಯೂ ಒಂದೇ: ಇವರು ಕಳ್ಳರು, ನಾವು ನೋಡದಿದ್ದರೆ ದುಡಿಯುವುದಿಲ್ಲ. ನಮ್ಮ ತಕರಾರು ಇರುವುದು ಈ ಭಾವನೆಯ ಬಗ್ಗೆ. ಯಂತ್ರದ ಬಗ್ಗೆ ಅಲ್ಲ.

ಮೊದಲು ತಾಯಿಯ ವಿಷಯ. ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2005ರಲ್ಲಿ. 2006ರ ಫೆಬ್ರವರಿ 2ರಂದು ಅದು ದೇಶದ 200 ಹಿಂದುಳಿದ ಜಿಲ್ಲೆಗಳಲ್ಲಿ ಶುರುವಾಯಿತು. ಕರ್ನಾಟಕದಿಂದ ಆ ಮೊದಲ ಪಟ್ಟಿಯಲ್ಲಿದ್ದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಬೀದರ್, ಗುಲ್ಬರ್ಗ, ರಾಯಚೂರು, ದಾವಣಗೆರೆ ಉಳಿದವು. ಅಂದರೆ ಹೊಳಲ್ಕೆರೆಯ ಕೂಲಿಕಾರರಿಗೆ ಈ ಕಾಯ್ದೆಯೊಡನೆ ಇಪ್ಪತ್ತು ವರ್ಷಗಳ ಒಡನಾಟ. ಆ ಕಾಯ್ದೆಯಲ್ಲಿ ನಿಗಾ ಎಂಬುದು ಇರಲಿಲ್ಲವೇ? ಖಂಡಿತ ಇತ್ತು. ಅದರ 17ನೇ ಕಲಮು ಗ್ರಾಮಸಭೆಗೆ ಸಾಮಾಜಿಕ ಪರಿಶೋಧನೆಯ ಅಧಿಕಾರ ಕೊಟ್ಟಿತ್ತು. ಹಾಜರಾತಿ ಪಟ್ಟಿ, ಬಿಲ್ಲು, ಅಳತೆ ಪುಸ್ತಕ ಎಲ್ಲವನ್ನೂ ಊರಿನ ಮುಂದೆ ತೆರೆದಿಡಬೇಕು. ಯಾರ ಹೆಸರಿನಲ್ಲಿ ಎಷ್ಟು ಹಣ ಹೋಯಿತೆಂದು ಗಟ್ಟಿಯಾಗಿ ಓದಬೇಕು. "ನಾನು ಆ ಕೆಲಸಕ್ಕೆ ಹೋಗೇ ಇಲ್ಲವಲ್ಲ, ನನ್ನ ಹೆಸರು ಹೇಗೆ ಬಂತು?" ಎಂದು ಕೂಲಿಯವಳು ಎದ್ದು ನಿಂತು ಕೇಳಬಹುದು. ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ನಡೆಸಿದ ಜನಸುನವಾಯಿಗಳ ಅನುಭವದಿಂದ ಹುಟ್ಟಿದ ವಿಚಾರ ಇದು. ಅಲ್ಲಿ ನೋಡುವ ಕಣ್ಣು ಕೆಳಗಿತ್ತು. ನೋಡಿಸಿಕೊಳ್ಳಬೇಕಾದವರು ಮೇಲಿದ್ದರು.

2021ರ ಮೇ ತಿಂಗಳಲ್ಲಿ ಬಂದ ರಾಷ್ಟ್ರೀಯ ಮೊಬೈಲ್ ನಿಗಾ ವ್ಯವಸ್ಥೆ, ಅಂದರೆ ಎನ್‌ಎಂಎಂಎಸ್ ಆ್ಯಪ್, ಈ ಕಣ್ಣನ್ನು ತಲೆಕೆಳಗು ಮಾಡಿತು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಅದು ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೊ, ಸ್ಥಳ ಮತ್ತು ಸಮಯದ ಮುದ್ರೆ ಸಮೇತ. ಸಿಗ್ನಲ್ ಇಲ್ಲದಿದ್ದರೆ ತೆಗೆದಿಟ್ಟುಕೊಂಡು ಆಮೇಲೆ ಏರಿಸಬಹುದು ಎನ್ನುತ್ತದೆ ನಿಯಮ. ಆದರೆ ಏರದಿದ್ದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ. ಗುಂಡಿ ಇದೆ, ಬದು ಇದೆ, ಅಗೆದ ಮಣ್ಣು ಕಣ್ಣೆದುರಿಗೆ ರಾಶಿ ಬಿದ್ದಿದೆ. ಆದರೂ ಸರ್ವರ್ ಒಪ್ಪದಿದ್ದರೆ ಆ ದಿನ ಅವಳು ಹುಟ್ಟಿಯೇ ಇರಲಿಲ್ಲ!

ಉದ್ಯೋಗ ಖಾತರಿಯ ಕೂಲಿಯನ್ನು ಮೊದಲಿನಿಂದಲೂ ಅಳತೆಗೆ ತಕ್ಕಂತೆ ಕೊಡುತ್ತಾ ಬಂದಿದ್ದಾರೆ ಎಂಬುದನ್ನು ನಗರದ ಓದುಗರು ಗಮನಿಸಬೇಕು. ಎಂಜಿನಿಯರ್ ಬಂದು ಟೇಪು ಹಿಡಿದು ಉದ್ದ, ಅಗಲ, ಆಳ ಅಳೆದು ಪುಸ್ತಕದಲ್ಲಿ ಬರೆಯುತ್ತಾನೆ. ಕಡಿಮೆ ಅಗೆದರೆ ಕಡಿಮೆ ಕೂಲಿ. ಹೀಗಿರುವಾಗ ಬೆಳಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಮುಖ ತೋರಿಸುವುದರಿಂದ ಮಣ್ಣು ಹೆಚ್ಚು ಏಳುತ್ತದೆಯೇ? ಕೆಲಸವನ್ನು ಅಳೆದ ಮೇಲೂ ಮನುಷ್ಯಳನ್ನು ಅಳೆಯುವುದು ಯಾಕೆ?

ಕಳ್ಳಬಿಲ್ಲು ತಡೆಯುವುದಕ್ಕೆ, ಎನ್ನುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಉದ್ಯೋಗ ಖಾತರಿಯಲ್ಲಿ ಕಳ್ಳತನ ಇದೆ. ರಾತ್ರಿ ಜೆಸಿಬಿ ಬಿಟ್ಟು ಕೆರೆ ಹೂಳೆತ್ತಿ, ಹಗಲು ಕೂಲಿಯವರ ಹೆಸರಿನಲ್ಲಿ ಬಿಲ್ಲು ಬರೆದದ್ದು ಇದೆ. ಸತ್ತವರ ಜಾಬ್ ಕಾರ್ಡ್ ದುಡಿದದ್ದೂ ಇದೆ. ಆದರೆ ಜೆಸಿಬಿ ಯಾರದು? ಬಿಲ್ಲು ಬರೆದವರು ಯಾರು, ಸಹಿ ಹಾಕಿದವರು ಯಾರು? 370 ರೂಪಾಯಿಗೆ ಬಿಸಿಲಲ್ಲಿ ನಿಂತ ಹೆಂಗಸು ಜೆಸಿಬಿ ಬಾಡಿಗೆಗೆ ತರಲಾರಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಂಥ ಚಿಕಿತ್ಸೆಯನ್ನು ನೋಡಿಯೇ ಹುಟ್ಟಿರಬೇಕು.

ಬರೆ ಎಳೆದ ಮೇಲಾದರೂ ಜ್ವರ ಇಳಿಯಿತೇ? ಉತ್ತರ ನಮ್ಮದಲ್ಲ, ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ್ದೇ. 2025ರ ಜುಲೈಯಲ್ಲಿ ಅದು ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಆ್ಯಪಿನಲ್ಲಿ ಸಂಬಂಧವಿಲ್ಲದ ಚಿತ್ರಗಳು ಏರುತ್ತಿವೆ, ಫೋಟೊದ ಫೋಟೊ ತೆಗೆದು ಹಾಕಲಾಗುತ್ತಿದೆ, ಚಿತ್ರದಲ್ಲಿರುವ ತಲೆಗಳಿಗೂ ಪಟ್ಟಿಯಲ್ಲಿರುವ ಹೆಸರುಗಳಿಗೂ ತಾಳೆಯಿಲ್ಲ, ಗಂಡು-ಹೆಣ್ಣಿನ ಲೆಕ್ಕವೂ ಹೊಂದುತ್ತಿಲ್ಲ ಎಂದು ಅದರಲ್ಲಿ ಒಪ್ಪಿಕೊಳ್ಳಲಾಗಿತ್ತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ನಮ್ಮಲ್ಲಿ ಎಂದೂ ಕಡಿಮೆ ಇರಲಿಲ್ಲ. ಪರಿಹಾರ? ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪ್ರತಿಯೊಂದು ಫೋಟೊವನ್ನೂ, ಅಂದರೆ ನೂರಕ್ಕೆ ನೂರು, ಮನುಷ್ಯರೇ ಕಣ್ಣಿಂದ ನೋಡಿ ಪರಿಶೀಲಿಸಬೇಕಂತೆ! ಮನುಷ್ಯರನ್ನು ನಂಬಲಾಗದು ಎಂದು ಯಂತ್ರ ತಂದರು. ಈಗ ಯಂತ್ರವನ್ನು ನಂಬಲಾಗದು ಎಂದು ಮನುಷ್ಯರನ್ನು ಕೂರಿಸಿದರು. ನಾಲ್ಕು ವರ್ಷ ಸಾಲಿನಲ್ಲಿ ನಿಂತು ಮುಖ ತೋರಿಸಿದ್ದು ಯಾವ ಪುರುಷಾರ್ಥಕ್ಕೆ ಎಂದು ಆ ದೊಡ್ಡವ್ವ ಕೇಳಿದರೆ ಏನು ಹೇಳೋಣ?

ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳಿತ್ತು. ಕೂಲಿಯನ್ನು ಹದಿನೈದು ದಿನದೊಳಗೆ ಕೊಡಬೇಕು. ತಡವಾದರೆ ದಿನಕ್ಕೆ ಶೇಕಡಾ 0.05ರಂತೆ ಪರಿಹಾರ ಕಟ್ಟಿಕೊಡಬೇಕು. 370 ರೂಪಾಯಿಗೆ ಇದು ದಿನಕ್ಕೆ ಹದಿನೆಂಟೂವರೆ ಪೈಸೆ. ಈ ಹದಿನೆಂಟೂವರೆ ಪೈಸೆಯನ್ನಾದರೂ ಕೈಯಲ್ಲಿ ಹಿಡಿದು ಕಂಡ ಕೂಲಿಯವರು ನಮಗೆ ಸಿಕ್ಕಿಲ್ಲ. ಕೂಲಿಯವಳು ಒಂದು ಫೋಟೊಗೆ ತಪ್ಪಿಸಿಕೊಂಡರೆ ಅಂದಿನ ದುಡಿಮೆ ಸೊನ್ನೆ. ಸರಕಾರ ತಿಂಗಳುಗಟ್ಟಲೆ ತಪ್ಪಿಸಿಕೊಂಡರೆ 'ಅನುದಾನ ಬಿಡುಗಡೆಯಾಗಿಲ್ಲ'. ಬಿಡುಗಡೆಯಾಗದ ಆ ಕಡತದ ಫೋಟೊವನ್ನು ದಿನಕ್ಕೆರಡು ಬಾರಿ ತೆಗೆದು ಹೊರಕೆರೆದೇವಪುರದ ಕೂಲಿಕಾರರಿಗೆ ಕಳಿಸುವ ಆ್ಯಪ್ ಇದೆಯೇ? 2023ರ ಫೆಬ್ರವರಿಯಿಂದ ದಿಲ್ಲಿಯ ಜಂತರ್ ಮಂತರ್‌ನಲ್ಲಿ ನೂರು ದಿನಗಳ ಧರಣಿ ಕುಳಿತ ಉದ್ಯೋಗ ಖಾತರಿ ಕೂಲಿಕಾರರು ಕೇಳಿದ್ದು ಹೆಚ್ಚುಕಮ್ಮಿ ಇದನ್ನೇ.

ಈಗ ಆ ಕಾಯ್ದೆಯ ಕಥೆಯೂ ಮುಗಿದಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ 'ವಿಬಿ–ಜಿ ರಾಮ್ ಜಿ' ಎಂಬ ಹೊಸ ಕಾಯ್ದೆ ತಂದಿತು. ನೂರು ದಿನ ನೂರಿಪ್ಪತ್ತೈದಾಯಿತು ಎಂಬ ಸಂಭ್ರಮದ ನಡುವೆ, ರಾಜ್ಯಗಳ ಮೇಲೆ ಬಿದ್ದ ಶೇ. 40ರ ಹೊರೆಯ ಬಗ್ಗೆ ಒಂದಿಷ್ಟು ಚರ್ಚೆಯಾಯಿತು. ಬಯೋಮೆಟ್ರಿಕ್ ದೃಢೀಕರಣ ಮತ್ತು ಮೊಬೈಲ್ ನಿಗಾ ಈಗ ಸುತ್ತೋಲೆಯಿಂದ ಬಡ್ತಿ ಪಡೆದು ಕಾಯ್ದೆಯ ಚೌಕಟ್ಟಿನೊಳಗೇ ಬಂದು ಕುಳಿತಿರುವ ಬಗ್ಗೆ ಮಾತಾಡಿದವರು ಕಡಿಮೆ.

ಹಳ್ಳಿಯಲ್ಲಿ ಈ ಕಣ್ಣು ಕೂಲಿಯವಳ ಮೇಲೆ ಮಾತ್ರ ಬಿದ್ದಿಲ್ಲ. ಅಂಗನವಾಡಿ ಕಾರ್ಯಕರ್ತೆಯ ಕೈಗೆ 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. 2025ರ ಜುಲೈಯಿಂದ ಬಾಣಂತಿಗೆ ಪೌಷ್ಟಿಕ ಆಹಾರದ ಪೊಟ್ಟಣ ಕೊಡಲು ಮುಖದ ಗುರುತು ಹಿಡಿಯುವುದು ಕಡ್ಡಾಯವಾಯಿತು. ದಿನವೂ ಅಕ್ಕಾ ಎಂದು ಕರೆಯುವವಳ ಮುಖವನ್ನು ಗುರುತಿಸಲು ಅಂಗನವಾಡಿ ಟೀಚರಿಗೆ ಫೋನಿನ ಅಪ್ಪಣೆ ಬೇಕು! 2024ರ ಸೆಪ್ಟೆಂಬರ್ 26ರಿಂದ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ನಮ್ಮ ಹಳೆಯ ಶಾನುಭೋಗರ ಜಾಗದವರು, ಮುಷ್ಕರ ಹೂಡಿದಾಗ ಅವರ ದೊಡ್ಡ ದೂರು ಹತ್ತಾರು ಆ್ಯಪುಗಳ ಕಾಟದ್ದೇ ಆಗಿತ್ತು. ಬೆಂಗಳೂರಿನ ಪೌರಕಾರ್ಮಿಕರಿಗೆ 2017ರಲ್ಲಿ ಬಯೋಮೆಟ್ರಿಕ್ ಹಾಜರಿ ಬಂದಾಗ, ಕಸ ಬಳಿದು ಸವೆದ ಬೆರಳುಗಳನ್ನು ಯಂತ್ರ ಗುರುತಿಸದೆ ಹೋಯಿತು. ದುಡಿದದ್ದಕ್ಕೆ ಸಾಕ್ಷಿಯಾಗಬೇಕಿದ್ದ ಸವೆತವೇ ದುಡಿಯಲಿಲ್ಲ ಎನ್ನುವುದಕ್ಕೆ ಸಾಕ್ಷಿಯಾಯಿತು. ನಾಗಪುರ, ಚಂಡೀಗಢಗಳಲ್ಲಿ ಗುಡಿಸುವವರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದರು. ಇಲ್ಲೆಲ್ಲ ಒಂದು ಸಾಮ್ಯ ಕಾಣುತ್ತದೆ: ಬಹುಪಾಲು ಹೆಂಗಸರು, ಬಹುಪಾಲು ದಲಿತರು ಮತ್ತು ಬಡವರು. ಮೇಲಧಿಕಾರಿಯ ಮುಂಗೈಗೆ ಇಂಥ ಗಡಿಯಾರ ಕಟ್ಟಿದ ಸುದ್ದಿ ಬಂದರೆ ನಮ್ಮ ಪತ್ರಿಕೆಗೂ ದಯವಿಟ್ಟು ತಿಳಿಸಿ.

ಇನ್ನು ಮಗನ ವಿಷಯ. ಐಟಿ ಜನರ ಕಷ್ಟಕ್ಕೆ ನಮ್ಮ ಓದುಗರಲ್ಲಿ ಅನೇಕರು ಮರುಗುವುದಿಲ್ಲ ಎಂದು ಬಲ್ಲೆವು. "ಲಕ್ಷ ಎಣಿಸುವವರಿಗೆ ಒಂದು ಕ್ಯಾಮರಾ ಇದ್ದರೇನು?" ಎನ್ನುವವರಿದ್ದಾರೆ. ಆದರೆ ಸಂಬಳ ಕೊಟ್ಟವನು ಸಮಯವನ್ನು ಕೊಳ್ಳಬಹುದು, ಪಡಸಾಲೆಯನ್ನು ಕೊಳ್ಳಲಾರ. ಮನೆಯಿಂದ ಕೆಲಸ ಎಂದರೆ ಕಂಪೆನಿ ಮನೆಯೊಳಗೆ ಬಂದಂತೆ. ಅತಿಥಿಯಾಗಿ ಬಂದವನು ಅಡುಗೆಮನೆಯ ಡಬ್ಬಿ ತೆರೆದು ನೋಡುತ್ತಾನೆಯೇ?

2020ರ ಮಾರ್ಚ್ ಕೊನೆಗೆ ನಮ್ಮ ರಾಜ್ಯ ಸರಕಾರವೇ ಇದಕ್ಕೆ ಮೇಲ್ಪಂಕ್ತಿ ಹಾಕಿತ್ತು. ಮನೆಯಲ್ಲಿ ಕ್ವಾರಂಟೈನ್ ಆದವರು ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಬಿಟ್ಟು ಉಳಿದಂತೆ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದು ಆದೇಶವಾಗಿತ್ತು. ಆಗ ನಾವೆಲ್ಲ ರೋಗದ ಭಯದಲ್ಲಿ ತಲೆಯಾಡಿಸಿದೆವು. ರೋಗ ಹೋಯಿತು. ತಲೆಯಾಡಿಸುವ ಅಭ್ಯಾಸ ಉಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಒಂದು 'ಉತ್ಪಾದಕತೆಯ ಅಂಕ' ಹೊರತಂದಿತು. ಯಾವ ನೌಕರ ಎಷ್ಟು ಇಮೇಲ್ ಬರೆದ, ಎಷ್ಟು ಸಭೆಯಲ್ಲಿ ಕ್ಯಾಮರಾ ತೆರೆದ ಎಂದು ಹೆಸರು ಸಮೇತ ಮಾಲಿಕರಿಗೆ ಕಾಣುತ್ತಿತ್ತು. ಜಗತ್ತು ಬೈದ ಮೇಲೆ ಕೆಲವೇ ದಿನಗಳಲ್ಲಿ ಹೆಸರುಗಳನ್ನು ತೆಗೆದುಹಾಕಿತು. ಬೈದರೆ ಕೆಲಸವಾಗುತ್ತದೆ ಎಂಬುದಕ್ಕಾಗಿ ಇದನ್ನು ಇಲ್ಲಿ ನೆನಪಿಸಿದ್ದೇವೆ.

ಅದೇ ಕಂಪೆನಿ 2022ರಲ್ಲಿ 11 ದೇಶಗಳ 20 ಸಾವಿರ ಮಂದಿಯನ್ನು ಕೇಳಿದ ಸಮೀಕ್ಷೆಯಲ್ಲಿ ಶೇ. 87ರಷ್ಟು ನೌಕರರು ತಾವು ಚೆನ್ನಾಗಿಯೇ ದುಡಿಯುತ್ತಿದ್ದೇವೆ ಎಂದರು. ತಮ್ಮ ತಂಡ ದುಡಿಯುತ್ತಿದೆ ಎಂಬ ಪೂರ್ಣ ಭರವಸೆ ಇದ್ದದ್ದು ಶೇ. 12ರಷ್ಟು ಮೇಲಧಿಕಾರಿಗಳಿಗೆ ಮಾತ್ರ. ನೌಕರರು ತಮ್ಮನ್ನು ತಾವು ಹೊಗಳಿಕೊಂಡಿರಬಹುದು, ಒಪ್ಪೋಣ. ಆದರೂ 87ಕ್ಕೂ 12ಕ್ಕೂ ನಡುವಿನ ಈ ಕಂದಕದಲ್ಲಿ ಬಿದ್ದಿರುವುದು ಕೆಲಸವಲ್ಲ, ನಂಬಿಕೆ. ನಂಬಿಕೆ ಕಳೆದುಹೋದ ಜಾಗದಲ್ಲಿ ತಂತ್ರಾಂಶ ಮಾರುವವರು ಅಂಗಡಿ ಇಟ್ಟರು. ಮತ್ತೆ ಅದೇ ರಂಗೋಲಿಯ ಕಥೆ. ಮೌಸನ್ನು ತಾನಾಗಿಯೇ ಅಲುಗಿಸುವ ಪುಟ್ಟ ಯಂತ್ರಗಳು ಮಾರುಕಟ್ಟೆಗೆ ಬಂದವು. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕೀಲಿಮಣೆ ಬಳಸಿದಂತೆ ನಟಿಸಿದರೆಂದು ಹತ್ತು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಹೊರಹಾಕಿತು. ಬೆರಳಿನ ಅಲುಗಾಟವನ್ನೇ ದುಡಿಮೆ ಎಂದು ಎಣಿಸಿದವರು ಯಾರು? ಆ ಎಣಿಕೆಯನ್ನು ಪ್ರಶ್ನಿಸಿದವರಿಲ್ಲ. ಹೊರಕೆರೆದೇವಪುರದ ಫೋಟೊದ ಫೋಟೊಗೂ ಅಮೆರಿಕದ ಅಲುಗುವ ಮೌಸಿಗೂ ಏನು ವ್ಯತ್ಯಾಸ?

ವಂಚಕರೇ ಇಲ್ಲ ಎಂದು ನಾವು ಹೇಳುತ್ತಿಲ್ಲ. 2022ರ ಸೆಪ್ಟೆಂಬರಿನಲ್ಲಿ ವಿಪ್ರೊ ಏಕಕಾಲಕ್ಕೆ ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಹೊರಗೆ ಕಳಿಸಿತು. ಎರಡು ಮನೆಯ ಉಪ್ಪು ಒಟ್ಟಿಗೆ ತಿಂದವರ ಪರ ವಕಾಲತ್ತು ವಹಿಸಲು ನಮಗೆ ಮನಸ್ಸಿಲ್ಲ. ಆದರೆ ಲಕ್ಷಗಟ್ಟಲೆ ನೌಕರರಿರುವ ಕಂಪೆನಿಯಲ್ಲಿ 300 ಮಂದಿ ತಪ್ಪಿದರೆ ಉಳಿದ ಅಷ್ಟೂ ಮಂದಿಯ ಪಡಸಾಲೆಗೆ ಕಣ್ಣು ಇಡಬೇಕೆನ್ನುವ ವಾದವನ್ನು ಒಪ್ಪಲಾರೆವು. ಒಬ್ಬನ ತಪ್ಪಿಗೆ ಇಡೀ ಮೊಹಲ್ಲಾವನ್ನು ಅನುಮಾನಿಸುವುದು ಏನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಬಸ್ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿಕೊಂಡವರಿಗೆ, ಬಾಡಿಗೆ ಮನೆ ಕೇಳಲು ಹೋಗಿ ಹೆಸರು ಹೇಳಿದ ಕೂಡಲೇ ಬಾಗಿಲು ಮುಚ್ಚಿಸಿಕೊಂಡವರಿಗೆ ಗುಮಾನಿಯ ರುಚಿ ಗೊತ್ತು.

ಕರುಣೆಯ ನಿಗಾ ಎಂಬುದೂ ಒಂದಿದೆ. 2025ರ ಮಧ್ಯಭಾಗದಲ್ಲಿ ಪತ್ರಿಕೆಗಳಲ್ಲಿ ಬಂದ ವರದಿಗಳ ಪ್ರಕಾರ, ಮನೆಯಿಂದ ದುಡಿಯುವಾಗ ದಿನಕ್ಕೆ ಒಂಬತ್ತೂಕಾಲು ಗಂಟೆ ಮೀರಿದವರಿಗೆ ಇನ್ಫೋಸಿಸ್ 'ಆರೋಗ್ಯ ನೋಡಿಕೊಳ್ಳಿ' ಎಂದು ಪತ್ರ ಕಳಿಸಿತು. ಒಳ್ಳೆಯ ಮಾತೇ. ಅದರ ಸ್ಥಾಪಕರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಿರಿ ಎಂದು 2023ರಲ್ಲಿ ಯುವಕರಿಗೆ ಉಪದೇಶಿಸಿದ್ದನ್ನು ನೆನೆದರೆ ಇನ್ನೂ ಒಳ್ಳೆಯದು! ಆದರೆ ಒಂಬತ್ತೂಕಾಲು ಗಂಟೆ ಎಂದು ಗೊತ್ತಾಗಬೇಕಾದರೆ ಯಾರೋ ಎಣಿಸುತ್ತಲೇ ಇದ್ದಾರೆ ಎಂದಾಯಿತಲ್ಲ? ಇಂದು ಆರೋಗ್ಯಕ್ಕೆ ಎಣಿಸಿದ್ದನ್ನು ನಾಳೆ ಬಡ್ತಿಗೆ ಎಣಿಸುವುದಿಲ್ಲ ಎಂಬ ಭರವಸೆ ಯಾವ ಕಾನೂನಿನಲ್ಲಿದೆ?

ಕಾನೂನಿನ ಮಾತು ಬಂದಾಗ ಕನ್ನಡಿಗರು ಒಬ್ಬರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಆ ತೀರ್ಪಿನ ಫಲವಾಗಿ 2023ರಲ್ಲಿ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಸಂತೋಷಪಡುವಷ್ಟರಲ್ಲಿ ಅದರ 7ನೇ ಕಲಮನ್ನು ಓದಬೇಕಾಯಿತು. ಉದ್ಯೋಗದ ಉದ್ದೇಶಕ್ಕಾಗಿ, ಅಥವಾ ಮಾಲಿಕನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ, ನೌಕರನ ಮಾಹಿತಿಯನ್ನು ಅವನ ಒಪ್ಪಿಗೆ ಇಲ್ಲದೆಯೂ ಬಳಸಬಹುದು ಎಂಬ ಅರ್ಥದ ಕಿಂಡಿ ಅಲ್ಲಿದೆ. ಕಿಂಡಿಯಲ್ಲ, ಹೆಬ್ಬಾಗಿಲು! ಇನ್ನು ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಮುಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಸರಕಾರ ತನಗೆ ತಾನೇ ಕೊಟ್ಟುಕೊಂಡ ವಿನಾಯಿತಿಗಳಂತೂ ಬೇರೆಯೇ ಇವೆ. ಜರ್ಮನಿಯ ಹ್ಯಾಂಬರ್ಗಿನ ಪ್ರಾಧಿಕಾರ 2020ರಲ್ಲಿ ಎಚ್ ಅಂಡ್ ಎಂ ಎಂಬ ಬಟ್ಟೆ ಕಂಪೆನಿಗೆ 3.53 ಕೋಟಿ ಯೂರೊ ದಂಡ ಹಾಕಿತು. ನೌಕರರ ಕಾಯಿಲೆ, ಸಂಸಾರದ ತಾಪತ್ರಯ, ಧಾರ್ಮಿಕ ನಂಬಿಕೆಗಳನ್ನು ಮೇಲಧಿಕಾರಿಗಳು ಗುಟ್ಟಾಗಿ ಬರೆದಿಟ್ಟುಕೊಂಡಿದ್ದೇ ತಪ್ಪು. ನಮ್ಮಲ್ಲಿ ಅದನ್ನೇ ಮಾಡಿದರೆ 'ಉದ್ಯೋಗದ ಉದ್ದೇಶ' ಎಂದು ವಾದಿಸಲು ಅವಕಾಶವಿದೆ.

ನಮ್ಮ ರಾಜ್ಯ ಸರಕಾರದ ಕೈಯೂ ಶುದ್ಧವಾಗಿಲ್ಲ. ನೌಕರಿಯ ಷರತ್ತುಗಳನ್ನು ಬರೆದಿಟ್ಟು ಒಪ್ಪಿಗೆ ಪಡೆಯಬೇಕೆನ್ನುವ 1946ರ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಐಟಿ ಕಂಪೆನಿಗಳಿಗೆ ವರ್ಷಗಳಿಂದ ವಿನಾಯಿತಿ ಕೊಡುತ್ತಾ ಬಂದು, ನೌಕರರ ಸಂಘದ ವಿರೋಧದ ನಡುವೆಯೂ 2024ರ ಜೂನ್‌ನಲ್ಲಿ ಮತ್ತೆ ಮುಂದುವರಿಸಿತು. ಆ ಕಾಯ್ದೆಯೇ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಕರಗಿಹೋಗಿದೆ.

ದುಡಿಯುವವರು ಇದನ್ನೆಲ್ಲ ಯಾವಾಗಲೂ ಸುಮ್ಮನೆ ಸಹಿಸಿದ್ದರೆಂದು ಭಾವಿಸಬಾರದು. ಚಿತ್ರದುರ್ಗದಿಂದ ಬಹಳ ದೂರವೇನಲ್ಲದ ಕೋಲಾರದ ಚಿನ್ನದ ಗಣಿಗಳಲ್ಲಿ 1930ರಲ್ಲಿ ದೊಡ್ಡ ಮುಷ್ಕರ ನಡೆಯಿತು. ಕಾರಣ, ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟ ಬ್ರಿಟಿಷ್ ಕಂಪೆನಿಗಳ ಕ್ರಮ. ಓದುಬರಹ ಬಾರದ ಆ ಗಣಿ ಕಾರ್ಮಿಕರಿಗೆ ಬೆರಳಚ್ಚು ಯಾರಿಂದ ಪಡೆಯುತ್ತಾರೆಂಬುದು ಗೊತ್ತಿತ್ತು: ಕೈದಿಗಳಿಂದ.

ಇದಕ್ಕೂ ಮುನ್ನ, 1906ರ ಸೆಪ್ಟೆಂಬರ್ 11ರಂದು, ಜೊಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಭಾರತೀಯರ ಸಭೆ ಸೇರಿತ್ತು. ಟ್ರಾನ್ಸ್‌ವಾಲ್ ಸರಕಾರ ಪ್ರತಿಯೊಬ್ಬ ಏಷ್ಯನ್ನನೂ ಬೆರಳಚ್ಚು ಕೊಟ್ಟು ಚೀಟಿ ಪಡೆಯಬೇಕು, ಪೊಲೀಸರು ಕೇಳಿದಲ್ಲಿ ತೋರಿಸಬೇಕು ಎಂದು ಹೊರಟಿತ್ತು. ಅಧ್ಯಕ್ಷತೆ ಅಬ್ದುಲ್ ಗನಿಯವರದು. ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡೋಣ ಎಂದು ಎದ್ದು ನಿಂತವರು ಹಾಜಿ ಹಬೀಬ್ ಎಂಬ ವ್ಯಾಪಾರಿ. ಆ ಮಾತಿನ ಭಾರಕ್ಕೆ ಗಾಂಧೀಜಿಯವರೇ ಒಂದು ಕ್ಷಣ ಬೆಚ್ಚಿದರು ಎಂದು ಅವರೇ ಬರೆದುಕೊಂಡಿದ್ದಾರೆ. 1908ರ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಆವರಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚೀಟಿಗಳು ದೊಡ್ಡ ಕಡಾಯಿಯಲ್ಲಿ ಸುಟ್ಟು ಬೂದಿಯಾದವು. ಸತ್ಯಾಗ್ರಹ ಎಂಬ ಅಸ್ತ್ರ ರೂಪುಗೊಂಡದ್ದು ಈ ಹೋರಾಟದಲ್ಲೇ. ಆ ಗಾಂಧೀಜಿಯ ಹೆಸರನ್ನೇ ಹೊತ್ತಿದ್ದ ಯೋಜನೆಯ ಕೂಲಿಕಾರರಿಂದ ದಿನಕ್ಕೆರಡು ಬಾರಿ ಮುಖದಚ್ಚು ಪಡೆದದ್ದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದೆ?

ಇಷ್ಟೆಲ್ಲ ಹೇಳುವ ನಾವು ನಮ್ಮ ಅಂಗಳವನ್ನೂ ಗುಡಿಸಬೇಕು. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಗುಮಾನಿಯನ್ನೂ ಗೂಢಚರ್ಯೆಯನ್ನೂ ಚಾಡಿಯನ್ನೂ ಒಟ್ಟಿಗೇ ಹೆಸರಿಸಿ ತಡೆದಿದೆ. ಒಂದು ಇನ್ನೊಂದಕ್ಕೆ ದಾರಿ ಎಂಬುದೇ ಅದರ ಇಂಗಿತ. ಖಲೀಫಾ ಉಮರ್(ರ) ಅವರು ಒಂದು ರಾತ್ರಿ ಗೋಡೆ ಹತ್ತಿ ಇಳಿದು ಒಬ್ಬನನ್ನು ಪಾಪಕೃತ್ಯದಲ್ಲಿ ಹಿಡಿದ ಕಥನ ಗ್ರಂಥಗಳಲ್ಲಿ ಬರುತ್ತದೆ. "ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು" ಎಂದು ಆತ ಉತ್ತರಿಸಿದನಂತೆ. ಗುಟ್ಟು ಕೆದಕಿದ್ದು, ಬಾಗಿಲು ಬಿಟ್ಟು ಗೋಡೆಯಿಂದ ಬಂದದ್ದು, ಸಲಾಮ್ ಹೇಳಿ ಅನುಮತಿ ಕೇಳದೆ ಒಳಬಂದದ್ದು. ಸಾಮ್ರಾಜ್ಯದ ಒಡೆಯ ತಲೆತಗ್ಗಿಸಿ ಹಿಂದಿರುಗಿದರು. ಇದನ್ನು ಜುಮಾ ಪ್ರವಚನದಲ್ಲಿ ಕೇಳಿ ತಲೆದೂಗುವ ನಮ್ಮ ವರ್ತಕರೇ ಅಂಗಡಿಗೆ ಮರಳಿ ಏನು ಮಾಡುತ್ತಾರೆ? ಗಲ್ಲಾದ ಮೇಲೆ ಕುರ್‌ಆನ್ ವಚನದ ಫಲಕ, ಅದರ ಪಕ್ಕದಲ್ಲೇ ಕೆಲಸದ ಹುಡುಗನ ಬೆನ್ನಿಗೆ ನೆಟ್ಟ ಕ್ಯಾಮರಾ. ಅವನು ಊಟಕ್ಕೆ ಎಷ್ಟು ಹೊತ್ತು ಕುಳಿತ ಎಂದು ಊರಿಂದಲೇ ಮೊಬೈಲಿನಲ್ಲಿ ನೋಡುವ ಮಾಲಿಕರನ್ನು ನಾವು ಬಲ್ಲೆವು. ಬೆವರು ಆರುವ ಮುನ್ನ ಕೂಲಿ ಕೊಡಿ ಎಂದ ಪ್ರವಾದಿವರ್ಯರ(ಸ) ಆದೇಶವನ್ನು ಪಾಲಿಸುವುದರಲ್ಲಿ ಇದೇ ಚುರುಕು ಕಾಣುವುದಿಲ್ಲ. "ದೇವರು ಸದಾ ನೋಡುತ್ತಿರುತ್ತಾನೆ, ಕ್ಯಾಮರಾಕ್ಕೆ ಯಾಕೆ ಅಂಜಬೇಕು?" ಎಂದು ಒಬ್ಬರು ನಮ್ಮನ್ನು ಕೇಳಿದರು. ದೇವರು ನಿಯ್ಯತ್ತನ್ನು ನೋಡುತ್ತಾನೆ. ಸೂರು ನೋಡಿ ಕುಳಿತವನು ಯೋಚಿಸುತ್ತಿದ್ದಾನೆಂದು ಅವನಿಗೆ ಗೊತ್ತು, ಚುಕ್ಕೆಯನ್ನು ಹಳದಿ ಮಾಡುವುದಿಲ್ಲ.

'ಕಾಯಕ ಬಂಧು' ಎಂದು ಹೆಸರಿಟ್ಟವರಿಗೆ ಶರಣರ ನೆನಪಾದರೂ ಇರಬೇಕಿತ್ತು. ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಅದನ್ನು ಮರಳಿ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಕಲ್ಯಾಣದಲ್ಲಿ ಅವಳ ಫೋಟೊ ಯಾರೂ ತೆಗೆಯುತ್ತಿರಲಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಕೂಲಿಯನ್ನು ಅಳತೆ ಪುಸ್ತಕ ನೋಡಿ ಕೊಡಿ, ಫೋಟೊ ಏರಲಿಲ್ಲ ಎಂಬ ಒಂದೇ ಕಾರಣಕ್ಕೆ ಕಡಿಯಬೇಡಿ. ಹೊಸ ಕಾಯ್ದೆಗೆ ರಾಜ್ಯ ತನ್ನ ಯೋಜನೆ ರೂಪಿಸುವಾಗ ಇದನ್ನು ಬರೆದಿಡಲಿ. ಹಾಜರಾತಿ ಪಟ್ಟಿಯ ಪ್ರತಿಯನ್ನು ಹಿಂದಿನಂತೆ ಕೆಲಸದ ಜಾಗದಲ್ಲೇ ಎಲ್ಲರಿಗೂ ಕಾಣುವಂತೆ ಇಡಿ. ಕಂಪೆನಿಗಳು ನೌಕರನ ಯಂತ್ರದಲ್ಲಿ ಏನನ್ನು ಕೂರಿಸಿದ್ದೇವೆ, ಏನನ್ನು ಎಣಿಸುತ್ತೇವೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎಂದು ಕೆಲಸಕ್ಕೆ ಸೇರುವ ದಿನವೇ ಕನ್ನಡದಲ್ಲಿ ಬರೆದುಕೊಡುವಂತೆ ಕಾರ್ಮಿಕ ಇಲಾಖೆ ಆದೇಶಿಸಲಿ. ಕೆಲಸ ಮುಗಿದ ಮೇಲೆ ಆ ಕಣ್ಣು ಮುಚ್ಚಲಿ.

ಮುಂದಿನ ಗ್ರಾಮಸಭೆಗೆ ಹೋಗುವ ಓದುಗರು ಒಂದು ಕೆಲಸ ಮಾಡಬಹುದು. ತಮ್ಮ ಪಂಚಾಯಿತಿಯಲ್ಲಿ ಕಳೆದ ವರ್ಷ ಫೋಟೊ ಏರದೆ ಎಷ್ಟು ಜನರ ಎಷ್ಟು ದಿನದ ಹಾಜರಿ ಹೋಯಿತು, ಕೂಲಿ ತಡವಾದದ್ದಕ್ಕೆ ಎಷ್ಟು ರೂಪಾಯಿ ಪರಿಹಾರ ಸಂದಿತು ಎಂದು ಪಿಡಿಒ ಅವರನ್ನು ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಸಿದ್ದರ ಪ್ರತಿಯನ್ನು ನಮಗೆ ಕಳಿಸಿದರೆ ಪ್ರಕಟಿಸುತ್ತೇವೆ.